ಲೆಕ್ಕ ಅಷ್ಟಕ್ಕಷ್ಟೇ, ಆದ್ರೂ ಶಾಸಕರ ಬಗ್ಗೆ ಪಿಎಚ್‌ಡಿ ಮಾಡಬಹುದಾ? ರಿಚರ್ಡ್ ಫೆನ್ನೋ ನಡೆದ ದಾರಿ

ಪ್ರಶ್ನೆ: ಸರ್, ನಾನು ಪೊಲಿಟಿಕಲ್ ಸೈನ್ಸ್ ಎಂಎ ಎರಡನೇ ವರ್ಷದಲ್ಲಿ ಓದ್ತಿದೀನಿ. ಶಾಸನಸಭೆ, ಶಾಸಕರು ಇವರ ಬಗ್ಗೆನೇ ಪಿಎಚ್‌ಡಿ ಮಾಡ್ಬೇಕು ಅಂತ ಆಸೆ. ಆದ್ರೆ ಈಗ ಈ ಫೀಲ್ಡಲ್ಲಿ ಎಲ್ಲಾ ಸ್ಟ್ಯಾಟಿಸ್ಟಿಕ್ಸ್ ಅಂತಾರೆ, ನಂಗೆ ಲೆಕ್ಕ ಅಷ್ಟಕ್ಕಷ್ಟೇ. ನಮ್ಮ ಮೇಡಂ ಕ್ಲಾಸಲ್ಲಿ ರಿಚರ್ಡ್ ಫೆನ್ನೋ ಅಂತ ಅಮೆರಿಕದ ಪ್ರೊಫೆಸರ್ ಹೆಸರು ಹೇಳಿದ್ರು, ಅವರು ಬರೀ ಜನಪ್ರತಿನಿಧಿಗಳ ಜೊತೆ ಓಡಾಡಿನೇ ಅಷ್ಟು ದೊಡ್ಡ ಹೆಸರು ಮಾಡಿದ್ರಂತೆ, ನಿಜಾನಾ? ಅವರ ಕರಿಯರ್ ಹೇಗಿತ್ತು, ನಮ್ಮ ಕಡೆ ಒಬ್ಬ ಹುಡುಗಿ ಹಂಗೆ ಮಾಡೋಕಾಗುತ್ತಾ?

ಉತ್ತರ: ನಿಮ್ಮ ಪ್ರಶ್ನೇಲಿ ‘ಓಡಾಡಿ’ ಅನ್ನೋದು ನಿಜ, ‘ಬರೀ’ ಅನ್ನೋದು ಸರಿಯಲ್ಲ. ಆ ಒಂದು ಪದಕ್ಕೋಸ್ಕರನೇ ಇಷ್ಟುದ್ದ ಬರೀತಿದೀನಿ, ಯಾಕಂದ್ರೆ ಫೆನ್ನೋ ಹೆಸರು ಕೇಳಿದ ಎಷ್ಟೋ ಸ್ಟೂಡೆಂಟ್ಸು ಇದು ಲೆಕ್ಕದಿಂದ ತಪ್ಪಿಸ್ಕೊಳ್ಳೋ ಸುಲಭದ ದಾರಿ ಅನ್ಕೊಂಡು ಬರ್ತಾರೆ, ಒಂದು ವರ್ಷ ಊರೂರು ಅಲೀತಾರೆ, ಆಮೇಲೆ ನಾಲ್ಕು ನೋಟ್‌ಬುಕ್ ಮುಂದಿಟ್ಕೊಂಡು ಇದ್ರಲ್ಲಿ ಏನಿದೆ ಅಂತಾನೇ ಗೊತ್ತಾಗದೆ ಕೂತಿರ್ತಾರೆ, ನನ್ನ ಹತ್ರಾನೇ ಹಂಗೆ ಬಂದವರಿದ್ದಾರೆ, ನೋಡಿದ್ರೆ ಹೊಟ್ಟೆ ಉರಿಯುತ್ತೆ. ಫೆನ್ನೋ ಓಡಾಡೋಕೆ ಶುರು ಮಾಡಿದಾಗ ಅವರಿಗೆ ನಲವತ್ತು ದಾಟಿತ್ತು. ಅದಕ್ಕೂ ಮುಂಚೆ ಏನು ಮಾಡಿದ್ರು ಅನ್ನೋದೇ ನೀವು ಮೊದಲು ತಿಳ್ಕೋಬೇಕಾದ್ದು.

ಹುಟ್ಟಿದ್ದು 1926ರಲ್ಲಿ, ಮ್ಯಾಸಚೂಸೆಟ್ಸ್‌ನ ವಿಂಚೆಸ್ಟರ್ ಅನ್ನೋ ಊರಲ್ಲಿ. ಆಮ್‌ಹರ್ಸ್ಟ್ ಕಾಲೇಜಲ್ಲಿ ಡಿಗ್ರಿ, 1948. ಹಾರ್ವರ್ಡಲ್ಲಿ ಪಿಎಚ್‌ಡಿ, 1956. ಪಿಎಚ್‌ಡಿ ವಿಷಯ ಶಾಸನಸಭೆ ಅಲ್ಲವೇ ಅಲ್ಲ, ಅಧ್ಯಕ್ಷರ ಕ್ಯಾಬಿನೆಟ್! ಅದು 1959ರಲ್ಲಿ ಪುಸ್ತಕ ಆಯ್ತು. ಅಂದ್ರೆ ಶಾಸಕರ ಬಗ್ಗೆ ಇಡೀ ಜಗತ್ತಿಗೇ ಗೊತ್ತಿರೋ ವಿದ್ವಾಂಸ ಮೊದಲು ಬರೆದಿದ್ದು ಮಂತ್ರಿಗಳ ಬಗ್ಗೆ. ಹಾಗಾಗಿ ಎಂಎ ಎರಡನೇ ವರ್ಷದಲ್ಲೇ ಜೀವನದ ಟಾಪಿಕ್ ಸಿಕ್ಕಿಬಿಡಬೇಕು ಅಂತ ತಲೆ ಕೆಡಿಸ್ಕೋಬೇಡಿ. 1957ರಲ್ಲಿ ರಾಚೆಸ್ಟರ್ ಯೂನಿವರ್ಸಿಟಿಗೆ ಸೇರಿದ್ರು, ನ್ಯೂಯಾರ್ಕ್ ರಾಜ್ಯದ ಉತ್ತರ ಭಾಗದ ಊರು ಅದು, ಕೊಡಾಕ್ ಕ್ಯಾಮೆರಾ ಕಂಪನಿ ಊರು ಅಂದ್ರೆ ಹಳಬರಿಗೆ ಗೊತ್ತಾಗುತ್ತೆ, ಆಮೇಲೆ ಕೆಲಸ ಮಾಡಿದ್ದೆಲ್ಲ ಅಲ್ಲಿಂದಾನೇ.

ಅಲ್ಲಿ ಕೂತು ಹಿಡಿದ ಮೊದಲ ದೊಡ್ಡ ಕೆಲಸ ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್‌ನ, ಅಂದ್ರೆ ಅಮೆರಿಕ ಸಂಸತ್ತಿನ ಕೆಳಮನೆಯ, ಅಪ್ರೋಪ್ರಿಯೇಷನ್ಸ್ ಕಮಿಟಿ. ಸರ್ಕಾರದ ಯಾವ ಇಲಾಖೆಗೆ ಎಷ್ಟು ದುಡ್ಡು ಅಂತ ಕತ್ತರಿ ಹಿಡ್ಕೊಂಡು ಕೂರೋ ಕಮಿಟಿ ಅದು, ಆಗ 50 ಜನ ಮೆಂಬರ್‌ಗಳು. ಐವತ್ತು ಜನ ರಾಜಕಾರಣಿಗಳು, ಎರಡು ಪಾರ್ಟಿ, ಐವತ್ತು ಕ್ಷೇತ್ರ, ಆದ್ರೂ ಕಮಿಟಿ ಒಳಗೆ ಜಗಳ ಕಮ್ಮಿ, ಕೆಲಸ ಜಾಸ್ತಿ, ಇದು ಹೇಗೆ ಸಾಧ್ಯ ಅನ್ನೋದು ಅವರ ಪ್ರಶ್ನೆ. 1962ರಲ್ಲಿ ಇದರ ಬಗ್ಗೆ ಒಂದು ಲೇಖನ, 1966ರಲ್ಲಿ ‘ದಿ ಪವರ್ ಆಫ್ ದಿ ಪರ್ಸ್’ ಅನ್ನೋ ದಪ್ಪ ಪುಸ್ತಕ. ಕಮಿಟಿ ಒಳಗೇ ಒಂದು ಸಂಪ್ರದಾಯ ಇದೆ ಅಂತ ಅವರು ತೋರಿಸಿದ್ರು. ಹೊಸಬರು ಬಾಯಿ ಮುಚ್ಕೊಂಡು ಕೆಲಸ ಕಲೀಬೇಕು, ಉಪಸಮಿತಿಯವರು ತಮ್ಮ ವಿಷಯಾನ ಅರೆದು ಕುಡಿದಿರಬೇಕು, ಒಬ್ಬರ ಉಪಸಮಿತಿ ತೀರ್ಮಾನಕ್ಕೆ ಇನ್ನೊಬ್ಬರು ಕೈ ಹಾಕಬಾರದು, ಖಜಾನೆ ಕಾಯೋದು ನಮ್ಮ ಕೆಲಸ ಅನ್ನೋ ಹೆಮ್ಮೆ ಎಲ್ಲರಿಗೂ ಇರಬೇಕು. ಇದನ್ನ ಕಂಡುಹಿಡಿಯೋಕೆ ಮೆಂಬರ್‌ಗಳನ್ನ ಕೂರಿಸ್ಕೊಂಡು ಮಾತಾಡ್ಸಿದ್ರು, ಹೌದು, ಆದ್ರೆ ಅದರ ಜೊತೆಗೇ ಯುದ್ಧದ ನಂತರದ ವರ್ಷಗಳಲ್ಲಿ ಇಲಾಖೆಗಳು ಎಷ್ಟು ಕೇಳಿದ್ವು, ಕಮಿಟಿ ಎಷ್ಟು ಕಡಿತ ಮಾಡ್ತು, ಮೇಲ್ಮನೆ ಸೆನೆಟ್ ಎಷ್ಟು ವಾಪಸ್ ಸೇರಿಸ್ತು ಅಂತ ವರ್ಷವರ್ಷದ ಬಜೆಟ್ ಅಂಕಿಗಳನ್ನ ಕೂತು ಲೆಕ್ಕ ಹಾಕಿದ್ರು. ‘ಬರೀ ಓಡಾಡಿ’ ಅನ್ನೋ ಮಾತು ಇಲ್ಲೇ ಬಿದ್ದುಹೋಗುತ್ತೆ ನೋಡಿ, ಅವರು ಲೆಕ್ಕಕ್ಕೆ ಹೆದರಿ ಮನುಷ್ಯರ ಹತ್ರ ಹೋದವರಲ್ಲ.

1973ರಲ್ಲಿ ಮುಂದಿನ ಪುಸ್ತಕ, ಒಂದು ಕಮಿಟಿ ಸಾಕಾಗಲ್ಲ ಅಂತ ಆರು ಕಮಿಟಿ ಹೋಲಿಸಿದ್ದು. ಕಮಿಟಿ ಮೆಂಬರ್‌ಗಳಿಗೆ ಏನು ಬೇಕು ಅಂತ ಕೇಳಿದ್ರೆ ಮೂರು ಆಸೆ ಕಾಣುತ್ತೆ, ಮತ್ತೆ ಗೆಲ್ಲಬೇಕು, ಸದನದಲ್ಲಿ ತೂಕ ಬರಬೇಕು, ಒಳ್ಳೆ ಪಾಲಿಸಿ ಆಗಬೇಕು. ತೆರಿಗೆ ಕಮಿಟೀಗೆ ಬರೋರಿಗೆ ತೂಕದ ಆಸೆ, ಪೋಸ್ಟ್ ಆಫೀಸ್ ಕಮಿಟೀಗೆ ಬರೋರಿಗೆ ಮತ್ತೆ ಗೆಲ್ಲೋ ಆಸೆ, ವಿದೇಶಾಂಗ ಮತ್ತೆ ಶಿಕ್ಷಣ-ಕಾರ್ಮಿಕ ಕಮಿಟಿಗಳಿಗೆ ಬರೋರಿಗೆ ಪಾಲಿಸಿ ಹುಚ್ಚು, ಹಿಂಗೆ. ರಾಜಕಾರಣಿ ಅಂದ್ರೆ ಓಟು ಬಿಟ್ರೆ ಬೇರೇನೂ ಬೇಡ ಅಂತ ನಾವೆಲ್ಲ ಸಲೀಸಾಗಿ ಹೇಳಿಬಿಡ್ತೀವಲ್ಲ, ಆ ಮಾತನ್ನ ಇಷ್ಟು ಗೌರವದಿಂದ, ಇಷ್ಟು ಸಾಕ್ಷಿ ಇಟ್ಟು ತಿದ್ದಿದವರು ಕಮ್ಮಿ, ನನಗೆ ಫೆನ್ನೋ ಮೇಲೆ ಪ್ರೀತಿ ಹುಟ್ಟಿದ್ದೇ ಈ ಪುಸ್ತಕ ಓದಿ.

ಒಂದು ಗಮನಿಸಿ, ಅವರೊಬ್ಬರೇ ಬರೆದ ಮೊದಲ ಮೂರು ಪುಸ್ತಕ 1959, 1966, 1973. ಏಳು ವರ್ಷಕ್ಕೊಂದು. ಈಗ ನಮ್ಮ ಕಾಲೇಜುಗಳಲ್ಲಿ ಪ್ರಮೋಷನ್‌ಗೆ ಪಾಯಿಂಟ್ ಲೆಕ್ಕ ಹಾಕಿ ವರ್ಷಕ್ಕೆ ಇಷ್ಟು ಪೇಪರ್ ಅಂತ ಓಡಿಸ್ತಾರಲ್ಲ, ಆ ಓಟದಲ್ಲಿ ಇಂಥ ಕೆಲಸ ಹುಟ್ಟೋದು ಬಹಳ ಕಷ್ಟ, ಇದನ್ನ ನೊಂದುಕೊಂಡೇ ಹೇಳ್ತಿದೀನಿ.

ಈಗ ಓಡಾಟಕ್ಕೆ ಬರೋಣ. ವಾಷಿಂಗ್ಟನ್ನಲ್ಲಿ ಆಫೀಸು ಆಫೀಸು ಸುತ್ತಿ ಇಂಟರ್‌ವ್ಯೂ ಮಾಡಿದ್ದು ಆಗಿತ್ತು. ಆದ್ರೆ ಅಲ್ಲಿ ಟೇಬಲ್ ಹಿಂದೆ ಕೂತು ಕಮಿಟಿ ಬಗ್ಗೆ ಮಾತಾಡೋ ಮನುಷ್ಯ ವಾರದ ಕೊನೇಲಿ ಫ್ಲೈಟ್ ಹತ್ತಿ ಊರಿಗೆ ಹೋಗ್ತಾನೆ, ಅಲ್ಲಿ ಅವನು ಯಾರು, ಜನರ ಮುಂದೆ ಹೇಗಿರ್ತಾನೆ, ಅದನ್ನ ಯಾರೂ ನೋಡಿರಲಿಲ್ಲ. ಓದೋರೆಲ್ಲ ರಾಜಧಾನೀಲಿ ಕೂತು ಓದ್ತಿದ್ರು. ಫೆನ್ನೋ ಹಿಡಿದ ಪ್ರಶ್ನೆ ಕೇಳೋಕೆ ತೀರಾ ಸರಳ: ಒಬ್ಬ ಪ್ರತಿನಿಧಿ ತನ್ನ ಕ್ಷೇತ್ರದ ಕಡೆ ನೋಡಿದಾಗ ಅವನಿಗೆ ಏನು ಕಾಣುತ್ತೆ? ಮತ್ತೆ ಹಂಗೆ ಕಂಡಿದ್ದರಿಂದ ಅವನ ನಡವಳಿಕೆ ಹೇಗೆ ಬದಲಾಗುತ್ತೆ? ಇದಕ್ಕೆ ಉತ್ತರ ಹುಡುಕೋಕೆ 1970ರಿಂದ 1977ರವರೆಗೆ 18 ಜನ ಸದಸ್ಯರ ಹಿಂದೆ ಅವರವರ ಊರಿಗೇ ಹೋದ್ರು, 36 ಸಲ, ಒಟ್ಟು 110 ದಿನ. ನೀವೇ ಭಾಗಿಸಿ ನೋಡಿ, ಒಬ್ಬರಿಗೆ ಸರಾಸರಿ 6 ದಿನ ಅಷ್ಟೇ, ಒಂದು ಸಲ ಹೋದ್ರೆ ಮೂರು ದಿನ. ವರ್ಷಗಟ್ಟಲೆ ಒಬ್ಬರ ಮನೇಲಿ ಬೀಡು ಬಿಟ್ಟಿದ್ದಲ್ಲ. ಆದ್ರೆ ಆ ಮೂರು ದಿನ ಬೆಳಗ್ಗೆಯಿಂದ ರಾತ್ರಿವರೆಗೆ ಕಾರಲ್ಲಿ, ಸಭೇಲಿ, ಊಟದ ಟೇಬಲ್ಲಲ್ಲಿ ಜೊತೇಲೇ. ಅವರ ಮುಂದೆ ಟೇಪ್ ರೆಕಾರ್ಡರ್ ಇಡ್ತಿರಲಿಲ್ಲ, ಸಿಕ್ಕ ಸಂದಿನಲ್ಲಿ ಎರಡು ಸಾಲು ಗೀಚ್ಕೊಳ್ಳೋದು, ಆಮೇಲೆ ನೆನಪು ಆರೋ ಮುಂಚೆ ಪೂರ್ತಿ ದಾಖಲಿಸೋದು. ಈ ವಿಧಾನಕ್ಕೆ ಅವರು ‘ಸೋಕಿಂಗ್ ಅಂಡ್ ಪೋಕಿಂಗ್’ ಅಂತ ಕರೆದ್ರು, ನಮ್ಮ ಮಾತಲ್ಲಿ ಹೇಳೋದಾದ್ರೆ ನೆನೆಯೋದು ಮತ್ತೆ ಕೆದಕೋದು, ಕಡ್ಲೆ ನೀರಲ್ಲಿ ನೆನೆಯುತ್ತಲ್ಲ ಹಂಗೆ ಸುಮ್ನೆ ಅಲ್ಲಿ ಇದ್ದು ನೆನೀಬೇಕು, ಆಮೇಲೆ ಹದ ನೋಡಿ ಒಂದು ಪ್ರಶ್ನೆ ಹಾಕಿ ಕೆದಕಬೇಕು.

ಆ ಕೆಲಸದ ಫಲ ‘ಹೋಮ್ ಸ್ಟೈಲ್’, 1978ರಲ್ಲಿ ಬಂತು, ಆಗ ಅವರಿಗೆ 51. ಅದರಲ್ಲಿ ನಾಲ್ಕು ಸುತ್ತಿನ ಮಾತು ಬರುತ್ತೆ. ಪ್ರತಿನಿಧಿಗೆ ತನ್ನ ಕ್ಷೇತ್ರ ಒಂದರೊಳಗೊಂದು ಇರೋ ಸುತ್ತುಗಳ ಥರ ಕಾಣುತ್ತೆ ಅಂತ. ಎಲ್ಲಕ್ಕಿಂತ ಹೊರಗೆ ನಕ್ಷೆ ಮೇಲಿರೋ ಇಡೀ ಕ್ಷೇತ್ರ. ಅದರೊಳಗೆ ತನಗೆ ಓಟು ಹಾಕೋ ಜನ. ಅದರೊಳಗೆ ಏನೇ ಆದ್ರೂ ಕೈ ಬಿಡದ ಗಟ್ಟಿ ಜನ. ಎಲ್ಲಕ್ಕಿಂತ ಒಳಗೆ ಮನೆಯವರು, ಹತ್ತಿರದ ಗೆಳೆಯರು, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಹೀಗೆ ಮಾಡ್ಲಾ ಅಂತ ಕೇಳೋ ನಾಲ್ಕೈದು ಮಂದಿ. ನಮ್ಮ ಕಡೆ ಯಾವುದೇ ಎಮ್ಮೆಲ್ಲೆ ಜೊತೆ ಒಂದು ದಿನ ಕೂತವರಿಗೆ ಇದು ತಕ್ಷಣ ಅರ್ಥ ಆಗುತ್ತೆ, ‘ಕ್ಷೇತ್ರದ ಜನ’ ಅಂದಾಗ ಒಂದು ದನಿ, ‘ನಮ್ಮ ಹುಡುಗ್ರು’ ಅಂದಾಗ ಬೇರೆ ದನಿ.

ಇನ್ನೊಂದು ವಿಷಯ ನಂಬಿಕೆ. ಪ್ರತಿನಿಧಿ ಊರಲ್ಲಿ ಮಾಡೋ ಬಹುಪಾಲು ಕೆಲಸ ನಂಬಿಕೆ ಕಟ್ಟೋದು, ನಾನು ನಿಮ್ಮವನೇ, ನಂಗೆ ನಿಮ್ಮ ಕಷ್ಟ ಗೊತ್ತು, ನಾನು ಈ ಕೆಲಸಕ್ಕೆ ಲಾಯಕ್ಕು ಅಂತ ಮತ್ತೆ ಮತ್ತೆ ತೋರಿಸೋದು. ಆ ನಂಬಿಕೆ ಇದ್ರೆ ವಾಷಿಂಗ್ಟನ್ನಲ್ಲಿ ಹಾಕಿದ ಓಟಿಗೆ ಊರಲ್ಲಿ ವಿವರಣೆ ಕೊಡೋಕೆ ಜಾಗ ಸಿಗುತ್ತೆ, ನಂಬಿಕೆ ಇಲ್ಲದಿದ್ರೆ ಎಂಥ ವಿವರಣೇನೂ ನಡೆಯಲ್ಲ. ಜೊತೆಗೆ ಆ ಸದಸ್ಯರಲ್ಲಿ ತುಂಬಾ ಜನ ಊರಿಗೆ ಬಂದು ಕಾಂಗ್ರೆಸ್ಸನ್ನೇ ಬೈತಿದ್ರು, ಆ ಸಂಸ್ಥೆ ಕೆಟ್ಟದ್ದು, ನಾನು ಮಾತ್ರ ನಿಮ್ಮ ಪರ ಅಂತ. (ಕಾಂಗ್ರೆಸ್ ಅಂದ್ರೆ ಇಲ್ಲಿ ಅವರ ಸಂಸತ್ತು, ನಮ್ಮ ಪಕ್ಷ ಅಲ್ಲ.) ಜನ ಕಾಂಗ್ರೆಸ್ಸನ್ನ ದ್ವೇಷಿಸ್ತಾರೆ, ತಮ್ಮ ಕಾಂಗ್ರೆಸ್‌ಮನ್‌ನ ಪ್ರೀತಿಸ್ತಾರೆ, ಇದಕ್ಕೇ ಈಗ ‘ಫೆನ್ನೋ ಪ್ಯಾರಡಾಕ್ಸ್’ ಅಂತ ಹೆಸರು. ಒಬ್ಬೊಬ್ಬರೂ ಗೆಲ್ತಾರೆ, ಸಂಸ್ಥೆ ಮಾತ್ರ ಸೋಲ್ತಾ ಹೋಗುತ್ತೆ.

ಪುಸ್ತಕದ ಕೊನೇಲಿ ಒಂದು ಉದ್ದದ ಅನುಬಂಧ ಇದೆ, ಹೇಗೆ ಒಳಗೆ ಹೋದೆ, ಎಲ್ಲಿ ಮುಜುಗರ ಆಯ್ತು, ತೀರಾ ಹತ್ತಿರ ಆದ್ರೆ ಏನು ಅಪಾಯ ಅಂತೆಲ್ಲ. ತಾನು ಆರಿಸ್ಕೊಂಡ 18 ಜನ ಇಡೀ ಹೌಸ್‌ನ ಸರಿಯಾದ ಸ್ಯಾಂಪಲ್ ಅಂತ ಅವರು ಹೇಳ್ಕೊಳ್ಳಲ್ಲ, ಮುಚ್ಚಿಡೋದೂ ಇಲ್ಲ. ಹೆಸರುಗಳನ್ನೂ ಹಾಕಿಲ್ಲ, ಕಾಂಗ್ರೆಸ್‌ಮನ್ ಎ, ಬಿ, ಸಿ ಅಂತ ಅಕ್ಷರ ಅಷ್ಟೇ. ನೀವು ಪುಸ್ತಕ ಕೈಗೆ ತಗೊಂಡ್ರೆ ಹಿಂದಿನಿಂದ ಓದಿ, ಅನುಬಂಧ ಮೊದಲು. ನಾನು ಆ ಅನುಬಂಧ ಓದೋ ಮುಂಚೆ ಒಬ್ಬ ಶಾಸಕರ ಮನೆ ಜಗುಲೀಲಿ ನೋಟ್‌ಬುಕ್ ತೆರ್ಕೊಂಡು ಕೂತು, ಬಂದ ಜನ ಹೇಳಿದ್ದೆಲ್ಲ ಅಲ್ಲೇ ಬರ್ಕೋತಿದ್ದೆ, ಅರ್ಧ ಗಂಟೇಲಿ ಇಡೀ ಜಗುಲಿ ಮೌನ ಆಗಿಹೋಯ್ತು, ಕೆಲಸ ಕೇಳೋಕೆ ಬಂದಿದ್ದ ಹೆಂಗಸೊಬ್ರು ನನ್ನನ್ನ ಯಾವುದೋ ಇಲಾಖೆಯವರು ಅನ್ಕೊಂಡು ಏನೂ ಹೇಳದೆ ಎದ್ದು ಹೋದ್ರು. ಅವತ್ತು ಅವರ ಕೆಲಸ ಕೆಡಿಸಿದ್ದು ನಾನು, ಅದು ಇನ್ನೂ ಮನಸಲ್ಲಿದೆ.

ಇನ್ನು ನಿಮ್ಮ ಸ್ಟ್ಯಾಟಿಸ್ಟಿಕ್ಸ್ ಭಯದ ವಿಷಯ. ಫೆನ್ನೋ ಇದ್ದ ಡಿಪಾರ್ಟ್‌ಮೆಂಟ್ ಯಾವುದು ಗೊತ್ತಾ? 1962ರಲ್ಲಿ ವಿಲಿಯಂ ರೈಕರ್ ರಾಚೆಸ್ಟರ್‌ಗೆ ಬಂದು ರಾಜ್ಯಶಾಸ್ತ್ರಕ್ಕೆ ಗೇಮ್ ಥಿಯರಿ (ಎದುರಿನವರ ನಡೆ ನೋಡಿ ನಮ್ಮ ನಡೆ ಆರಿಸೋದರ ಗಣಿತ), ಗಣಿತದ ಮಾಡೆಲ್ ಎಲ್ಲ ತಂದು ಜಗತ್ತಲ್ಲೇ ಹೆಸರಾದ ಒಂದು ಸ್ಕೂಲನ್ನೇ ಕಟ್ಟಿದ್ರು. ಗಣಿತದ ಕೋಟೆ ಅದು. ಅದೇ ಕಾರಿಡಾರಲ್ಲಿ ಕಾರ್ ಹತ್ತಿ ಜಾರ್ಜಿಯಾ, ಓಹಾಯೋ ಸುತ್ತೋ ಫೆನ್ನೋ. ಇಬ್ಬರೂ ಒಬ್ಬರನ್ನೊಬ್ಬರು ಓಡಿಸ್ಲಿಲ್ಲ, ದಶಕಗಟ್ಟಲೆ ಜೊತೆಗಿದ್ರು. ಅಲ್ಲಿ ಪಿಎಚ್‌ಡಿ ಮಾಡಿದ ಕೆನೆತ್ ಶೆಪ್ಸಲ್, ಮೋರಿಸ್ ಫಿಯೋರಿನಾ, ಡೇವಿಡ್ ರೋಡಿ ಇವರೆಲ್ಲ ಮುಂದೆ ಕಾಂಗ್ರೆಸ್ ಅಧ್ಯಯನದ ದೊಡ್ಡ ಹೆಸರುಗಳು, ಅವರ ಕೆಲಸ ನೋಡಿದ್ರೆ ರೈಕರ್ ಕಡೆಯ ಮಾಡೆಲ್ಲೂ ಇದೆ, ಫೆನ್ನೋ ಕಡೆಯ ಮನುಷ್ಯನ ಆಸೆ ಉದ್ದೇಶಗಳ ತಿಳುವಳಿಕೇನೂ ಇದೆ. ಫೀಲ್ಡಲ್ಲಿ ಕೇಳಿದ್ದರಿಂದ ಪ್ರಶ್ನೆ ಹುಟ್ಟುತ್ತೆ, ಲೆಕ್ಕದಿಂದ ಅದು ಎಷ್ಟು ಜನಕ್ಕೆ ನಿಜ ಅಂತ ಗೊತ್ತಾಗುತ್ತೆ, ಎರಡೂ ಬೇಕು. ಹಾಗಾಗಿ ಒಂದು ಸೆಮಿಸ್ಟರ್ ಹಲ್ಲು ಕಚ್ಚಿ ಸ್ಟ್ಯಾಟಿಸ್ಟಿಕ್ಸ್ ಕಲೀರಿ, ನೀವೇ ಮಾಡೋಕಲ್ಲದಿದ್ರೂ ಬೇರೆಯವರು ಮಾಡಿದ್ದು ಓದಿ ಇದು ಸರಿ, ಇದು ತಪ್ಪು ಅಂತ ಹೇಳೋಷ್ಟಾದ್ರೂ.

‘ಹೋಮ್ ಸ್ಟೈಲ್’ ಆದ್ಮೇಲೆ ಅವರು ಸುಮ್ನೆ ಕೂರಲಿಲ್ಲ. ಸೆನೆಟರ್‌ಗಳ ಹಿಂದೆ ಹೊರಟ್ರು. ಸೆನೆಟರ್ ಅವಧಿ 6 ವರ್ಷ, ಪ್ರಚಾರ, ಆಡಳಿತ, ಮತ್ತೆ ಪ್ರಚಾರ ಅಂತ ಒಂದು ಸುತ್ತು ಪೂರ್ತಿ ನೋಡಬೇಕಂದ್ರೆ ಅಷ್ಟು ವರ್ಷ ಕಾಯ್ಬೇಕು, ಕಾದ್ರು. 1980ರಲ್ಲಿ ಇಂಡಿಯಾನಾದಿಂದ ಗೆದ್ದ ಡ್ಯಾನ್ ಕ್ವೇಲ್ ಅನ್ನೋ ಯುವಕ ಅವರು ಹಿಂಬಾಲಿಸಿದವರಲ್ಲಿ ಒಬ್ಬ. 1988ರಲ್ಲಿ ಕ್ವೇಲ್ ಉಪಾಧ್ಯಕ್ಷ ಸ್ಥಾನಕ್ಕೆ ಅಭ್ಯರ್ಥಿ ಆದಾಗ ಇಡೀ ಅಮೆರಿಕ ಯಾರಿವನು ಅಂತ ಕೇಳ್ತು, ಏನೂ ಗೊತ್ತಿಲ್ಲದ ಹುಡುಗ ಅಂತ ಆಡ್ಕೊಳ್ತು. ಆಗ ಫೆನ್ನೋ ಹತ್ರ ವರ್ಷಗಳ ನೋಟ್ಸ್ ಇತ್ತು. 1989ರಲ್ಲಿ ಬಂದ ಪುಸ್ತಕದಲ್ಲಿ ಅವರು ತೋರಿಸಿದ್ದು ಬೇರೆ ಮನುಷ್ಯನನ್ನ, 1982ರ ಜಾಬ್ ಟ್ರೇನಿಂಗ್ ಕಾನೂನಿಗೋಸ್ಕರ ಎದುರು ಪಕ್ಷದ ಎಡ್ವರ್ಡ್ ಕೆನಡಿ ಜೊತೆ ಸೇರಿ, ತನ್ನದೇ ಪಕ್ಷದ ಸರ್ಕಾರದ ಜೊತೆ ಗುದ್ದಾಡಿ, ಕಾನೂನು ಮಾಡೋದು ಹೇಗೆ ಅಂತ ಹೆಜ್ಜೆ ಹೆಜ್ಜೆಗೂ ಕಲಿತ ಹೊಸ ಸೆನೆಟರ್. ಹೊಗಳಿಕೆ ಅಲ್ಲ ಅದು, ತೆಗಳಿಕೇನೂ ಅಲ್ಲ. ಟಿವೀಲಿ ಎಲ್ಲರೂ ಒಂದೇ ದನೀಲಿ ಮಾತಾಡ್ತಿದ್ದಾಗ, ನಾನು ಕಣ್ಣಾರೆ ನೋಡಿದ್ದು ಇದು ಅಂತ ಶಾಂತವಾಗಿ ಇಟ್ಟಿದ್ದು, ಒಬ್ಬ ವಿದ್ವಾಂಸ ಸಮಾಜಕ್ಕೆ ಮಾಡಬಹುದಾದ ಇದಕ್ಕಿಂತ ದೊಡ್ಡ ಉಪಕಾರ ನನಗೆ ಗೊತ್ತಿಲ್ಲ. 1992ರ ಒಳಗೆ ಇನ್ನೂ ನಾಲ್ಕು ಸೆನೆಟರ್‌ಗಳ ಮೇಲೆ ಪುಸ್ತಕ ಬಂತು, ಜಾನ್ ಗ್ಲೆನ್, ಪೀಟ್ ಡೊಮೆನಿಚಿ, ಆರ್ಲನ್ ಸ್ಪೆಕ್ಟರ್, ಮತ್ತೆ 1986ರಲ್ಲಿ ಸೋತ ಮಾರ್ಕ್ ಆಂಡ್ರೂಸ್.

2000ದಲ್ಲಿ ಬಂದ ಪುಸ್ತಕದಲ್ಲಿ ಜಾರ್ಜಿಯಾಕ್ಕೆ ವಾಪಸ್ ಹೋದ್ರು. 1970ರ ದಶಕದಲ್ಲಿ ಜೊತೆ ಓಡಾಡಿದ್ದ ಜ್ಯಾಕ್ ಫ್ಲಿಂಟ್, ಆ ಕಡೆಯಿಂದಲೇ ತೊಂಬತ್ತರ ದಶಕದಲ್ಲಿ ಆರಿಸಿಬಂದ ಮ್ಯಾಕ್ ಕಾಲಿನ್ಸ್, ಇಬ್ಬರನ್ನೂ ಪಕ್ಕಪಕ್ಕ ಇಟ್ಟು ಅಮೆರಿಕದ ದಕ್ಷಿಣ ಡೆಮಾಕ್ರಾಟ್‌ರಿಂದ ರಿಪಬ್ಲಿಕನ್ನರ ಕೈಗೆ ಹೇಗೆ ಜಾರಿತು ಅಂತ ಹೇಳಿದ್ರು. 2003ರಲ್ಲಿ ಕಪ್ಪು ಜನಾಂಗದ ಪ್ರತಿನಿಧಿಗಳ ಬಗ್ಗೆ ಇನ್ನೊಂದು, ಓಹಾಯೋದ ಲೂಯಿ ಸ್ಟೋಕ್ಸ್, ಟೆಕ್ಸಸ್‌ನ ಬಾರ್ಬರಾ ಜೋರ್ಡನ್ ಬಗ್ಗೆ ಎಪ್ಪತ್ತರ ದಶಕದ ನೋಟ್ಸ್ ಅದರಲ್ಲಿ ಬಳಕೆ ಆಯ್ತು. ಒಂದು ಸಲ ನಿಷ್ಠೆಯಿಂದ ಬರೆದಿಟ್ಟ ನೋಟ್ಸ್ ಮೂವತ್ತು ವರ್ಷ ಆದ್ಮೇಲೂ ಕೆಲಸಕ್ಕೆ ಬರುತ್ತೆ, ಹಾಗಾಗಿ ಪ್ರತಿ ಪುಟದ ಮೇಲೆ ತಾರೀಖು, ಊರು ಹಾಕೋದು ಮರೀಬೇಡಿ. 1984-85ರಲ್ಲಿ ಅಮೆರಿಕನ್ ಪೊಲಿಟಿಕಲ್ ಸೈನ್ಸ್ ಅಸೋಸಿಯೇಷನ್ ಅಧ್ಯಕ್ಷ ಆಗಿದ್ರು, ಈಗ ಶಾಸನಸಭೆ ಅಧ್ಯಯನದ ಅತ್ಯುತ್ತಮ ಪುಸ್ತಕಕ್ಕೆ ಅವರ ಹೆಸರಲ್ಲೇ ಬಹುಮಾನ ಕೊಡ್ತಾರೆ. 2020ರಲ್ಲಿ ತೀರ್ಕೊಂಡ್ರು, 93 ವಯಸ್ಸು.

ನಮ್ಮಲ್ಲಿ ಆಗುತ್ತಾ? ಆಗುತ್ತೆ, ನನ್ನ ಕೇಳಿದ್ರೆ ನಮ್ಮಲ್ಲಿ ಇದೇ ಹೆಚ್ಚು ಸರಿಹೋಗೋ ದಾರಿ. ಅಮೆರಿಕದಲ್ಲಿ ಸದಸ್ಯರು ಪ್ರತಿ ಮಸೂದೆಗೆ ಹೇಗೆ ಓಟು ಹಾಕಿದ್ರು ಅನ್ನೋ ದಾಖಲೆ ರಾಶಿ ರಾಶಿ ಇದೆ, ಅದರ ಮೇಲೆ ಲೆಕ್ಕ ನಡೆಯುತ್ತೆ. ನಮ್ಮಲ್ಲಿ 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ್ಮೇಲೆ ವಿಪ್ ಮೀರಿ ಓಟು ಹಾಕಿದ್ರೆ ಸ್ಥಾನಕ್ಕೇ ಕುತ್ತು, ಜೊತೆಗೆ ಬಹಳಷ್ಟು ಮಸೂದೆ ಧ್ವನಿಮತದಲ್ಲಿ ಪಾಸಾಗುತ್ತೆ, ಯಾರು ಹೌದು ಅಂದ್ರು ಯಾರು ಇಲ್ಲ ಅಂದ್ರು ದಾಖಲೇನೇ ಇರಲ್ಲ. ಹಾಗಾದ್ರೆ ನಮ್ಮ ಶಾಸಕ ತಾನು ತಾನಾಗಿ ಕಾಣೋದು ಎಲ್ಲಿ? ಬೆಳಗ್ಗೆ ಏಳು ಗಂಟೆಗೆ ಮನೆ ಮುಂದೆ. ವರ್ಗಾವಣೆಗೆ ಒಂದು ಲೆಟರ್, ಆಸ್ಪತ್ರೆ ಬಿಲ್ಲಿಗೆ ಒಂದು ಫೋನು, ತಾಲ್ಲೂಕಾಫೀಸಲ್ಲಿ ನಿಂತ ಖಾತೆ, ಬೋರ್‌ವೆಲ್, ಆಮೇಲೆ ಹತ್ತು ಗಂಟೆಗೆ ಎರಡು ಮದುವೆ ಒಂದು ಗೃಹಪ್ರವೇಶ, ಸಂಜೆ ಜಾತ್ರೆ. ‘ನಮ್ಮ ಎಮ್ಮೆಲ್ಲೆ ಕೈಗೆ ಸಿಕ್ತಾರೆ’ ಅಂತ ಜನ ಹೇಳ್ತಾರಲ್ಲ, ಆ ‘ಕೈಗೆ ಸಿಗೋದು’ ಅನ್ನೋ ಮಾತಿನ ಮೇಲೇ ಒಂದು ಪಿಎಚ್‌ಡಿ ಬರೀಬಹುದು.

ಆದ್ರೆ ಅಲ್ಲಿಂದ ಎತ್ತಿ ಇಲ್ಲಿ ಅಂಟಿಸೋಕೆ ಹೋಗ್ಬೇಡಿ. ಅಮೆರಿಕದಲ್ಲಿ ಹಾಲಿ ಹೌಸ್ ಸದಸ್ಯ ಮತ್ತೆ ನಿಂತ್ರೆ ಸಾಮಾನ್ಯವಾಗಿ ಗೆಲ್ತಾನೆ, ಕರ್ನಾಟಕದಲ್ಲಿ ಹಾಲಿ ಶಾಸಕರು ಸೋಲೋದು ತೀರಾ ಸಾಮಾನ್ಯ, ಹಾಗಾಗಿ ಫೆನ್ನೋ ಪ್ಯಾರಡಾಕ್ಸ್ ಇಲ್ಲಿ ನಿಜಾನಾ ಅನ್ನೋದೇ ಪ್ರಶ್ನೆ. ಅವರ ಹೌಸ್ ಕ್ಷೇತ್ರದಲ್ಲಿ ಎಪ್ಪತ್ತರ ದಶಕದಲ್ಲಿ ಸುಮಾರು 4.7 ಲಕ್ಷ ಜನ, ನಮ್ಮ 224 ವಿಧಾನಸಭಾ ಕ್ಷೇತ್ರಗಳಲ್ಲಿ 2011ರ ಜನಗಣತಿ ಪ್ರಕಾರ ಸರಾಸರಿ 2.7 ಲಕ್ಷ, ಅಂದ್ರೆ ಹೋಲಿಸೋದಾದ್ರೆ ಎಮ್ಮೆಲ್ಲೆನೇ ಹತ್ತಿರ, ಎಂಪಿ ಅಲ್ಲ. ಟಿಕೆಟ್ ಕೊಡೋದು ಅಲ್ಲಿ ಪ್ರೈಮರೀಲಿ (ಪಕ್ಷದ ಅಭ್ಯರ್ಥಿ ಯಾರು ಅಂತ ಆರಿಸೋ ಮೊದಲ ಸುತ್ತಿನ ಚುನಾವಣೆ) ಓಟು ಹಾಕೋ ಜನ, ಇಲ್ಲಿ ಹೈಕಮಾಂಡ್, ಹಾಗಾದ್ರೆ ಫೆನ್ನೋ ಹೇಳಿದ ಮೂರನೇ ಸುತ್ತಿನ ‘ಗಟ್ಟಿ ಜನ’ಕ್ಕೆ ಇಲ್ಲಿ ಏನು ಬೆಲೆ? ಜಾತಿ ಯಾವ ಸುತ್ತಿಗೆ ಬರುತ್ತೆ? ಈ ಪ್ರಶ್ನೆಗಳೆಲ್ಲ ನಿಮ್ಮವು, ಫೆನ್ನೋ ಪುಸ್ತಕದಲ್ಲಿ ಉತ್ತರ ಇಲ್ಲ. ನಮ್ಮ ಕಡೆಯವರದ್ದೇ ಕೆಲಸ ಓದ್ಬೇಕಂದ್ರೆ ಬಿ.ಎಲ್. ಶಂಕರ್ ಮತ್ತು ವಲೇರಿಯನ್ ರಾಡ್ರಿಗಸ್ ಸೇರಿ ಭಾರತದ ಸಂಸತ್ತಿನ ಬಗ್ಗೆ 2011ರಲ್ಲಿ ತಂದ ಪುಸ್ತಕ ಇದೆ, ಒಬ್ಬರು ಸದನದ ಒಳಗಿದ್ದ ರಾಜಕಾರಣಿ, ಇನ್ನೊಬ್ಬರು ರಾಜ್ಯಶಾಸ್ತ್ರದ ಪ್ರೊಫೆಸರ್, ಆ ಜೋಡಿಯೇ ಒಂದು ಪಾಠ.

ಹುಡುಗಿ ಅಂತ ಕೇಳಿದೀರಿ. ರಾತ್ರಿ ಹತ್ತು ಗಂಟೆವರೆಗೆ ಶಾಸಕರ ಕಾರಲ್ಲಿ ಸುತ್ತೋದು ನಮ್ಮ ಕಡೆ ಸಲೀಸಲ್ಲ, ಇದನ್ನ ಮುಚ್ಚಿಟ್ಟು ಧೈರ್ಯ ತುಂಬಲ್ಲ. ಆದ್ರೆ ನಮ್ಮ ಪಂಚಾಯ್ತಿಗಳಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳಿಗಿದೆ, ಆ ಸದಸ್ಯೆಯರ ಮನೆ ಅಡುಗೆಮನೆವರೆಗೂ ನೀವು ಹೋಗಬಹುದು, ನಾನು ಹೋಗೋಕಾಗಲ್ಲ. ‘ಮೇಂಬರ್ರು ಯಾರು, ಇವರಾ ಇವರ ಗಂಡಾನಾ’ ಅಂತ ಊರಲ್ಲಿ ಆಡ್ಕೋತಾರಲ್ಲ, ಆ ಮಾತಿನ ಹಿಂದೆ ಆಕೆಗೆ ತನ್ನ ವಾರ್ಡು ಹೇಗೆ ಕಾಣುತ್ತೆ ಅಂತ ಕೂತು ಕೇಳಿ. ನಿಮ್ಮ ಊರಿಂದ ಬಸ್ಸಲ್ಲಿ ಹೋಗಿ ಸಂಜೆ ಒಳಗೆ ವಾಪಸ್ ಬರಬಹುದಾದ ಒಂದು ಪಂಚಾಯ್ತಿ ಆರಿಸ್ಕೊಳ್ಳಿ, ಇಬ್ಬರು ಸದಸ್ಯೆಯರು, ಒಬ್ಬೊಬ್ಬರಿಗೆ ಮೂರು ದಿನ, ಅಷ್ಟೇ ಸಾಕು ಮೊದಲಿಗೆ. ಯಾಕೆ ಬಂದಿದೀನಿ ಅಂತ ಮೊದಲ ದಿನವೇ ನೇರವಾಗಿ ಹೇಳಿ, ಹೆಸರು ಬರೆಯಲ್ಲ ಅಂತ ಮಾತು ಕೊಡಿ, ಕೊಟ್ಟ ಮೇಲೆ ಗೈಡ್ ಕೇಳಿದ್ರೂ ಹೇಳ್ಬೇಡಿ. ನೋಟ್‌ಬುಕ್ ಚೀಲದಲ್ಲೇ ಇರಲಿ. ರಾತ್ರಿ ಬಂದು ಬರೀರಿ, ಆ ಆರು ದಿನದ್ದನ್ನ ಟೈಪ್ ಮಾಡಿ ಹೆಸರು ತೆಗೆದು ನನಗೆ ಕಳಿಸಿ, ಓದ್ತೀನಿ.